ಗಾಜಿನ ಕೆಳಗಿನ ಮಳೆ

“ಗುರುಗಳೇ, ನೀವು ಹೇಳಿದ ಕತೆಗಳನ್ನೆಲ್ಲ ಕೇಳಿದ್ದೇನೆ. ಒಂದೊಂದರ ಸಾರವನ್ನೂ ಹಿಂಡಿ ತೆಗೆದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಆದರೂ ಒಳಗಿನ ಬಾಯಾರಿಕೆ ಹೋಗಿಲ್ಲ. ಯಾಕೆ?”

ಈರಭದ್ರನೆಂಬ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಹುಣಸೆ ಮರದ ಕೆಳಗೆ ಅಂಗಾತ ಮಲಗಿದ್ದರು. ಎದ್ದು ಕೂರಲಿಲ್ಲ. ಎಲೆಗಳ ಸಂದಿಯಿಂದ ಬೀಳುವ ಬಿಸಿಲನ್ನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ತೆರೆದು ನೋಡುತ್ತಿದ್ದರು.

ಈ ಗುರುಗಳ ವಿಷಯವಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರಿಗೆ ಸುಳ್ಳು ಹೇಳುವ ಚಟ ಇರಲಿಲ್ಲ. ನಿಜವನ್ನು ತೆಗೆದ ಜಾಗದಲ್ಲೇ ವಾಪಸು ಇಡುವ ಅಭ್ಯಾಸ ಇರಲಿಲ್ಲ, ಅಷ್ಟೆ. ಹಿಂದಿನ ವಾರ ತಮ್ಮ ಕಾವಿ ಶಾಲನ್ನು ಆಶ್ರಮದ ಎಮ್ಮೆಗೆ ಹೊದಿಸಿ, ದೂರದಿಂದ ಬಂದ ಭಕ್ತರೊಬ್ಬರು ಮಬ್ಬುಗತ್ತಲೆಯ ಕೊಟ್ಟಿಗೆಯಲ್ಲಿ ಅದಕ್ಕೆ ಅಡ್ಡಬೀಳುವುದನ್ನು ಬಾಗಿಲ ಸಂದಿಯಿಂದ ನೋಡಿದ್ದರು. ಎಮ್ಮೆ ತಲೆಯಾಡಿಸಿ ಆಶೀರ್ವಾದ ಮಾಡಿತು ಎಂದು ಆಮೇಲೆ ಎಲ್ಲರಿಗೂ ಹೇಳಿದರು. ಭಕ್ತರಿಗೆ ಅದರಿಂದ ಒಳ್ಳೆಯದೇ ಆಯಿತು ಎಂದೂ ಹೇಳಿದರು. ಅದನ್ನು ಅವರು ಹೇಗೆ ತಿಳಿದುಕೊಂಡರೋ ಯಾರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು, ಒಂದು ಕತೆ ಹೇಳುತ್ತೇನೆ, ಇದು ನಡೆದದ್ದು ಎಂದರು. ಅರ್ಧಕ್ಕಿಂತ ಹೆಚ್ಚು ನಿಜ ಇರುವ ಕತೆ ತಮ್ಮ ಹತ್ತಿರ ಇದೊಂದೇ ಎಂದೂ ಸೇರಿಸಿದರು. ಈರಭದ್ರ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆಮುಚ್ಚಿ, ಸಾರ ತೆಗೆಯಲು ಸಿದ್ಧನಾಗಿ ಕುಳಿತ.

ನೆಲ ಮುಗಿದು ಕಡಲು ಶುರುವಾಗುವ ಕಡೆ ಒಂದು ಊರು. ಅಲ್ಲಿಯವರು ಉಪ್ಪು ಬೆಳೆಯುತ್ತಿದ್ದರು. ಭರತ ಬಂದು ಕಡಲು ಉಬ್ಬಿದಾಗ ತೂಬು ತೆಗೆದು ಕಡಲ ನೀರನ್ನು ಪಾತಿಗಳಿಗೆ ಬಿಡುತ್ತಿದ್ದರು. ಬಿಸಿಲು ನೀರನ್ನು ಕುಡಿಯುತ್ತಿತ್ತು. ಉಪ್ಪು ಉಳಿಯುತ್ತಿತ್ತು. ಉಳಿದದ್ದನ್ನು ಉದ್ದ ಕೋಲಿನ ಹಲಗೆಯಿಂದ ಎಳೆದು ರಾಶಿ ಹಾಕುತ್ತಿದ್ದರು. ಅವರ ಕಣ್ಣಿಗೆ ನೀರೆಂದರೆ ಹೋಗಬೇಕಾದದ್ದು, ಉಪ್ಪೆಂದರೆ ಇರಬೇಕಾದದ್ದು. ಬಿಸಿಲು ಚುರುಕಾಗಿದ್ದ ದಿನ ಸಂಜೆ ಒಬ್ಬರನ್ನೊಬ್ಬರು ಕಂಡರೆ, ಇವತ್ತು ಸೂರ್ಯ ಚೆನ್ನಾಗಿ ಕುಡಿದ ಎಂದು ಹೇಳಿ ಸಂತೋಷಪಡುತ್ತಿದ್ದರು. ಮೋಡ ಕಂಡರೆ ಬೈಯುತ್ತಿದ್ದರು. ಲೋಕವೆಲ್ಲ ಮಳೆಗೆ ಕೈಮುಗಿಯುವಾಗ ಆ ಊರಿನವರು ಮಾತ್ರ ಆಕಾಶಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದರು.

ಊರಿನ ಬಾವಿಗಳೂ ಉಪ್ಪೇ. ಅಲ್ಲೇ ಹುಟ್ಟಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಆ ಊರಿನ ಮಕ್ಕಳು ಅತ್ತರೆ ಕಣ್ಣೀರು ಸಪ್ಪೆ ಇರುತ್ತದೆ ಎಂದು ನಾನು ಕೇಳಿದ್ದೇನೆ ಎಂದರು ಗುರುಗಳು. ಕೇಳಿದ್ದೋ ನಾನೇ ಯಾರಿಗೋ ಹೇಳಿದ್ದೋ ಸರಿಯಾಗಿ ನೆನಪಿಲ್ಲ ಎಂದೂ ಹೇಳಿದರು. ಸಿಹಿನೀರು ಬೇಕಾದವರು ಹೊಳೆ ಕಡಲು ಸೇರುವ ಅಳಿವೆಯ ಆಚೆಯಿಂದ ದೋಣಿಯಲ್ಲಿ ತರಿಸಬೇಕು. ಬೇಸಿಗೆಯಲ್ಲಿ ಅಳಿವೆಗೆ ಮರಳು ತುಂಬಿಕೊಳ್ಳುತ್ತದೆ. ಆಗ ದೋಣಿ ಬರುವುದಿಲ್ಲ.

ಆ ಊರಿನಲ್ಲಿ ಒಬ್ಬ ಉಪ್ಪಿನವನಿದ್ದ. ಹೆಂಡತಿ ತೀರಿಕೊಂಡಿದ್ದಳು. ಒಬ್ಬನೇ ಮಗ. ಮಗನಿಗೆ ಘಟ್ಟದ ಮೇಲಿನ ಊರಿನಿಂದ ಹೆಣ್ಣು ತಂದರು. ಬಂದ ಮೊದಲ ದಿನ ಸೊಸೆ ಬಾವಿಯ ನೀರನ್ನು ಬಾಯಿಗೆ ಹಾಕಿಕೊಂಡು, ಉಗುಳಲೋ ನುಂಗಲೋ ತಿಳಿಯದೆ, ಕೆನ್ನೆ ಉಬ್ಬಿಸಿಕೊಂಡು ಅಂಗಳದಲ್ಲಿ ನಿಂತಿದ್ದಳು. ನೆರೆಮನೆಯವರೆಲ್ಲ ನಕ್ಕರು. ಅವಳೂ ನಗಲು ಹೋಗಿ ನುಂಗಿಬಿಟ್ಟಳು. ಹಾಗೆ ಅಭ್ಯಾಸವಾಯಿತು.

ಅಭ್ಯಾಸವಾಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ಅವಳಿಗೆ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅವಳು ಏನನ್ನೂ ಕುಡಿಯುತ್ತಿರಲಿಲ್ಲ. ತವರಿನ ಬಾವಿಯೊಳಕ್ಕೆ ಬಗ್ಗಿ ತನ್ನ ಮುಖವನ್ನು ನೋಡುತ್ತಿದ್ದಳು. ಕೆಳಗಿನ ಮುಖ ತುಟಿ ಒದ್ದೆ ಮಾಡಿಕೊಂಡು ನಗುತ್ತಿತ್ತು. ಮೇಲಿನ ಮುಖದ ತುಟಿ ಒಣಗಿರುತ್ತಿತ್ತು. ಅಷ್ಟಕ್ಕೆ ಎಚ್ಚರವಾಗುತ್ತಿತ್ತು.

ಅವಳು ಬಸುರಿಯಾದಳು. ಅದೇ ಹೊತ್ತಿಗೆ ಗಂಡ ಉಪ್ಪಿನ ದೋಣಿ ಹತ್ತಿ ಮಾರಾಟಕ್ಕೆ ಹೋಗಬೇಕಾಯಿತು. ಮಳೆಗೆ ಮೊದಲು ಬರುತ್ತೇನೆ, ಇವಳನ್ನು ನೋಡಿಕೋ ಎಂದು ಅಪ್ಪನಿಗೆ ಹೇಳಿ ಹೋದ. ಹೋದ ಮೇಲೆ, ಬೇಸಿಗೆಯಲ್ಲಿ ತಿಂಗಳು ಏರಿದ ಹಾಗೆ ಅವಳ ಪಾದಗಳು ಊದಿಕೊಂಡವು. ಆಮೇಲೆ ಮುಖ ಊದಿತು. ಉಪ್ಪಿನವನು ಸೂಲಗಿತ್ತಿಯನ್ನು ಕರೆಸಿದ. ಸೂಲಗಿತ್ತಿ ಹೆಬ್ಬೆರಳಿನಿಂದ ಅವಳ ಕಾಲನ್ನು ಒತ್ತಿ ಬಿಟ್ಟಳು. ಒತ್ತಿದ ಗುಂಡಿ ಹಾಗೇ ನಿಂತಿತು. ಅದನ್ನೇ ನೋಡುತ್ತ ಅವಳು, ಈ ಹುಡುಗಿಗೆ ಉಪ್ಪುನೀರು ಬಿಡಿಸಬೇಕು ಎಂದಳು. ಬಿಡಿಸದಿದ್ದರೆ ಹೆರಿಗೆಯ ದಿನ ತಾಯಿಯೂ ಉಳಿಯಲಿಕ್ಕಿಲ್ಲ, ಮಗುವೂ ಉಳಿಯಲಿಕ್ಕಿಲ್ಲ, ಆಗ ತನ್ನನ್ನು ದೂರಬೇಡಿ ಎಂದಳು. ತವರಿಗೆ ಕಳಿಸೋಣವೆಂದರೆ ಘಟ್ಟದ ಗಾಡಿಯ ಕುಲುಕಾಟಕ್ಕೆ ಸೂಲಗಿತ್ತಿಯೇ ಒಪ್ಪಲಿಲ್ಲ. ಅಳಿವೆಯಲ್ಲಿ ಮರಳು ತುಂಬಿತ್ತು. ದೋಣಿ ನಿಂತಿತ್ತು.

ಉಪ್ಪಿನವನು ಕೆಟ್ಟವನಲ್ಲ. ಸೊಸೆಯ ಮೇಲೆ ಅವನಿಗೆ ಮಗಳ ಮೇಲಿನಷ್ಟೇ ಪ್ರೀತಿ. ಅವನು ಊಟ ಬಿಟ್ಟು ದಡದಲ್ಲಿ ಕೂತ. ಎದುರಿಗೆ ಕಣ್ಣು ಹರಿಯುವಷ್ಟು ದೂರವೂ ನೀರು.

ಆಗ ಆ ದಾರಿಯಲ್ಲಿ ಒಬ್ಬ ಗಾಜಿನವನು ಬಂದ. ಹುಲ್ಲಿನ ನಡುವೆ ಗಾಜಿನ ಹಾಳೆಗಳನ್ನು ಜೋಡಿಸಿಕೊಂಡು, ಊರೂರು ತಿರುಗಿ ಕಿಟಕಿಗಳಿಗೆ ಕೂರಿಸುವವನು. ಉಪ್ಪಿನ ಊರಿನ ಮನೆಗಳಿಗೆ ಕಿಟಕಿಗಳೇ ಇಲ್ಲ ಎಂದು ಗೊತ್ತಾಗಿ ಅವನಿಗೆ ಬೇಸರವಾಗಿತ್ತು. ಉಪ್ಪಿನವನ ಪಕ್ಕದಲ್ಲಿ ಕೂತು ಸಂಕಟವನ್ನೆಲ್ಲ ಕೇಳಿದ.

ಆ ಗಾಜಿನವನು ನೀವೇ ಇರಬೇಕು ಎಂದು ಈರಭದ್ರ ನಡುವೆ ಬಾಯಿ ಹಾಕಿದ. ಅವನಿಗೆ ನನ್ನದೇ ಮೂಗಿತ್ತು, ಅಷ್ಟು ಮಾತ್ರ ಗೊತ್ತು ಎಂದರು ಗುರುಗಳು. ಮತ್ತೆ ಯೋಚಿಸಿ, ಇಲ್ಲ, ಆ ವರ್ಷ ನಾನು ಬಾಚಣಿಗೆ ಮಾರುತ್ತಿದ್ದೆ ಎಂದರು.

ಗಾಜಿನವನು ಉಪ್ಪಿನವನಿಗೆ ಹೀಗೆ ಹೇಳಿದ. ಸೂರ್ಯ ಕುಡಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಯಾವತ್ತೂ ಕೇಳಿಲ್ಲ. ಅವನು ಕುಡಿಯುವುದಿಲ್ಲ, ಎತ್ತಿಕೊಳ್ಳುತ್ತಾನೆ. ಎತ್ತಿಕೊಳ್ಳುವಾಗ ಉಪ್ಪನ್ನು ಮುಟ್ಟುವುದಿಲ್ಲ. ದಾರಿಯಲ್ಲಿ ಒಂದು ಗಾಜು ಅಡ್ಡ ಇಟ್ಟರೆ ಎತ್ತಿಕೊಂಡದ್ದನ್ನು ಅಲ್ಲೇ ಇಳಿಸಿ ಹೋಗುತ್ತಾನೆ. ಗಂಜಿ ಬೇಯುವಾಗ ಮುಚ್ಚಳದ ಕೆಳಗೆ ಹನಿ ಕೂರುವುದನ್ನು ನೋಡಿಲ್ಲವೇ? ಅದರಲ್ಲಿ ಅಕ್ಕಿ ಇರುತ್ತದೆಯೇ?

ಇಷ್ಟು ಹೇಳಿ ಮಾಡುವ ಬಗೆಯನ್ನೂ ತೋರಿಸಿದ. ಉಪ್ಪಿನವನು ಮುರಿದ ದೋಣಿಯೊಂದರ ಹಲಗೆಗಳನ್ನು ತಂದು ಮೊಳಕಾಲೆತ್ತರದ ಪೆಟ್ಟಿಗೆ ಮಾಡಿದ. ಸಂದಿಗಳಿಗೆ ತೆಂಗಿನ ನಾರು ತುಂಬಿ ರಾಳ ಬಳಿದ. ಅದರೊಳಗೆ ಅಗಲವಾದ ತಟ್ಟೆ ಇಟ್ಟು, ಬಿಸಿಲನ್ನು ಹೀರಲೆಂದು ತಳಕ್ಕೆ ದೀಪದ ಮಸಿ ಹಚ್ಚಿದ. ತಟ್ಟೆಗೆ ಬಾವಿಯ ನೀರು ಸುರಿದ. ಮೇಲೆ ಗಾಜನ್ನು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಕೂರಿಸಿದ. ಗಾಜಿನ ಕೆಳ ಅಂಚಿನಲ್ಲಿ ಹನಿ ಹರಿದುಬರಲು ಸೀಳಿದ ಬಿದಿರಿನ ದೋಣಿ, ಬಿದಿರಿನ ಬಾಯಿಗೆ ಒಂದು ಚೊಂಬು. ಅಂಚುಗಳಿಗೆಲ್ಲ ಜೇಡಿಮಣ್ಣು ಮೆತ್ತಿ ಉಸಿರಾಡದಂತೆ ಮುಚ್ಚಿದ. ಇನ್ನು ಮುಟ್ಟಬೇಡ, ಕೆದಕಬೇಡ, ತೆರೆದು ನೋಡಬೇಡ, ವಾರಕ್ಕೊಮ್ಮೆ ತಟ್ಟೆ ತೊಳೆದರೆ ಸಾಕು ಎಂದು ಹೇಳಿ ಗಾಜಿನವನು ತನ್ನ ದಾರಿ ಹಿಡಿದ.

ಯಾವ ಮರದ ಹಲಗೆ ಎಂದು ಈರಭದ್ರ ಕೇಳಿದ. ಗುರುಗಳು ಹೊನ್ನೆ ಎಂದರು. ಇಳಿಜಾರು ಎಷ್ಟಿರಬೇಕು ಎಂದು ಕೇಳಿದ. ನಿನ್ನ ಹಣೆಯಷ್ಟು ಎಂದರು. ಈರಭದ್ರ ಹಣೆ ಮುಟ್ಟಿ ನೋಡಿಕೊಂಡ.

ಬಿಸಿಲೇರಿತು. ಪೆಟ್ಟಿಗೆಯೊಳಗೆ ಮೊದಲು ಏನೂ ಇರಲಿಲ್ಲ. ಆಮೇಲೆ ಗಾಜಿಗೆ ಮಬ್ಬು ಕವಿಯಿತು. ಮಬ್ಬು ಹನಿಗಳಾಯಿತು. ಒಂದು ಹನಿ ಇನ್ನೊಂದನ್ನು ಮುಟ್ಟಿ, ಎರಡೂ ಕೂಡಿ, ಭಾರ ತಾಳದೆ ಇಳಿಜಾರಿನಲ್ಲಿ ಹೊರಟವು. ಹೊರಟಲ್ಲೆಲ್ಲ ತೆಳ್ಳಗಿನ ದಾರಿ ಬಿಟ್ಟವು. ಸೊಸೆ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಮಲಗಿ ಅದನ್ನೇ ನೋಡಿದಳು. ಒಂದು ಮೊಳದ ಆಕಾಶ. ಅದರಲ್ಲಿ ಒಂದು ಮೋಡ. ಆ ಮೋಡದಿಂದ ಸದ್ದಿಲ್ಲದ ಒಂದು ಮಳೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿದ್ದವರಿಗೆ, ನೋಡು, ನಮ್ಮೂರಲ್ಲಿ ಹೀಗೇ ಬರುತ್ತದೆ ಎಂದು ಹೇಳಿದಳು. ನೋಡುತ್ತ ನೋಡುತ್ತ ನಿದ್ದೆ ಬಂತು. ಅವತ್ತಿನ ಕನಸಿನಲ್ಲಿ ಬಾವಿಯ ಕೆಳಗಿನ ಮುಖವೂ ಮೇಲಿನ ಮುಖವೂ ಜಾಗ ಬದಲಿಸಿಕೊಂಡವು.

ಸಂಜೆಗೆ ಚೊಂಬು ತುಂಬಿತ್ತು. ಅವಳು ಒಂದೇ ಉಸಿರಿಗೆ ಅರ್ಧ ಕುಡಿದು, ಕಣ್ಣು ಮುಚ್ಚಿ ನಿಂತಳು. ಉಪ್ಪಿನವನು ಹೇಗಿದೆ ಎಂದು ಕೇಳಿದ. ಏನೂ ಇಲ್ಲ ಮಾವ, ಈ ನೀರಿನಲ್ಲಿ ಏನೂ ಇಲ್ಲ ಎಂದು ಅವಳು ನಕ್ಕಳು. ಉಪ್ಪಿನವನ ಮುಖ ಸಣ್ಣದಾಯಿತು. ಏನೂ ಇಲ್ಲದ್ದನ್ನು ಮನುಷ್ಯರು ಕುಡಿಯುತ್ತಾರೆಯೇ? ಅವನು ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು, ರುಚಿಗೆ ಇರಲಿ ಎಂದು ಚೊಂಬಿಗೆ ಹಾಕಲು ಬಂದ. ಅವಳು ಚೊಂಬನ್ನು ಸೆರಗಿನೊಳಗೆ ಮುಚ್ಚಿಕೊಂಡು ಅಂಗಳದ ತುಂಬ ಓಡಿದಳು. ಬಸುರಿ ಓಡಬಾರದು ಎಂದು ಕೂಗುತ್ತ ಅವನೂ ಹಿಂದೆ ಓಡಿದ.

ಹೀಗೆ ಕೆಲವು ದಿನ ನಡೆಯಿತು. ಸೂಲಗಿತ್ತಿ ಬಂದು ಕಾಲು ಒತ್ತಿದಳು. ಗುಂಡಿ ಬಿತ್ತು, ಮೆಲ್ಲಗೆ ತುಂಬಿಕೊಂಡಿತು. ಹೀಗೇ ನಡೆಸಿ, ಇವಳು ಹೆತ್ತು ಏಳುತ್ತಾಳೆ ಎಂದಳು.

ಆಮೇಲೆ ಒಂದು ದಿನ ಉಪ್ಪಿನವನು ತಟ್ಟೆ ತೊಳೆಯಲೆಂದು ಗಾಜು ಎತ್ತಿದ. ಎತ್ತಿದವನು ಹಾಗೇ ನಿಂತ. ಕಪ್ಪು ತಟ್ಟೆಯ ತಳದಲ್ಲಿ ಉಪ್ಪು ಕೂತಿತ್ತು.

ಅವನು ಹುಟ್ಟಿದಾಗಿನಿಂದ ಉಪ್ಪು ನೋಡಿದವನು. ಅಂಥ ಉಪ್ಪು ನೋಡಿರಲಿಲ್ಲ. ಬಯಲಿನ ಪಾತಿಯ ಉಪ್ಪಿಗೆ ಗಾಳಿ ಧೂಳು ತರುತ್ತದೆ. ಏಡಿ ನಡೆದುಹೋಗುತ್ತದೆ. ಕೊಕ್ಕರೆ ಬಂದು ತನ್ನ ಪಾಲು ಹಾಕುತ್ತದೆ. ಇಲ್ಲಿ ಯಾರೂ ಬಂದಿರಲಿಲ್ಲ. ಬಿಸಿಲು ಒಂದೇ ಬಂದು ಹೋಗಿತ್ತು. ಹರಳುಗಳು ಮಲ್ಲಿಗೆ ಮೊಗ್ಗಿನ ಹಾಗೆ ಒಂದರ ಪಕ್ಕ ಒಂದು ಕೂತಿದ್ದವು. ಅವನು ಒಂದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಸೊಸೆ ನೀರು ಕುಡಿದು ಕಣ್ಣು ಮುಚ್ಚಿದ್ದಳಲ್ಲ, ಹಾಗೇ.

ಇಲ್ಲಿ ಆ ಊರಿನ ಒಂದು ಪದ್ಧತಿ ಹೇಳಬೇಕು. ಮಳೆಗಾಲಕ್ಕೆ ಮೊದಲು ಉಪ್ಪಿನಾಗರದ ಕೆಲಸ ಮುಗಿಯುವ ದಿನ ಪ್ರತಿಯೊಂದು ಮನೆಯವರೂ ತಮ್ಮ ಉಪ್ಪಿನಲ್ಲಿ ಒಂದು ಹಿಡಿಯನ್ನು ಬಾಳೆಲೆಯ ಮೇಲಿಟ್ಟು ಊರಕಟ್ಟೆಗೆ ತರುತ್ತಾರೆ. ಆಗರದ ಹಿರಿಯ ಒಂದೊಂದನ್ನೂ ರುಚಿ ನೋಡುತ್ತಾನೆ. ಯಾರದು ಎಲ್ಲಕ್ಕಿಂತ ಮೇಲೆಂದು ಅವನು ಹೇಳುತ್ತಾನೋ, ಮುಂದಿನ ವರ್ಷ ಮೊದಲ ಭರತಕ್ಕೆ ತೂಬು ತೆಗೆಯುವ ಮರ್ಯಾದೆ ಅವರದು. ಅವರು ತೆಗೆದ ಮೇಲೆಯೇ ಕಡಲು ಊರೊಳಗೆ ಬರಬೇಕು. ಉಪ್ಪಿನವನ ಅಜ್ಜ ಒಂದು ಸಲ ತೂಬು ತೆಗೆದಿದ್ದನಂತೆ. ಅಪ್ಪನಿಗೆ ಸಿಕ್ಕಿರಲಿಲ್ಲ. ಇವನಿಗೂ ಸಿಕ್ಕಿರಲಿಲ್ಲ. ಇವನ ಉಪ್ಪನ್ನು ನಾಲಿಗೆಗೆ ಇಟ್ಟುಕೊಂಡ ಹಿರಿಯ ಪ್ರತಿ ವರ್ಷವೂ, ಉಪ್ಪೇ ಹೌದು ಎಂದು ಮಾತ್ರ ಹೇಳುತ್ತಿದ್ದ. ಜನ ನಗುತ್ತಿದ್ದರು.

ಆ ದಿನ ಉಪ್ಪಿನವನು ತಟ್ಟೆಯ ಉಪ್ಪನ್ನು ತೊಳೆದು ಚೆಲ್ಲಲಿಲ್ಲ. ಗರಿಯಿಂದ ಗುಡಿಸಿ ಗಡಿಗೆಗೆ ತುಂಬಿದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಸೊಸೆಗೆ ನೀರು, ತನಗೆ ಉಪ್ಪು.

ಆದರೆ ತಟ್ಟೆಯ ತುಂಬ ನೀರಿದ್ದರೆ ಉಪ್ಪು ಕೂರಲು ವಾರ ಹಿಡಿಯುತ್ತದೆ. ಅವನು ನೀರು ಕಡಿಮೆ ಸುರಿದ. ಉಪ್ಪು ಬೇಗ ಕೂತಿತು. ಚೊಂಬು ಅರ್ಧಕ್ಕೆ ನಿಂತಿತು. ಗಾಜಿನಿಂದ ಒಂದೊಂದು ಹನಿ ಮರಳಿ ತಟ್ಟೆಗೇ ಬೀಳುತ್ತಿತ್ತು. ಬಿದ್ದಲ್ಲಿ ಹರಳಿಗೆ ಸಿಡುಬಿನ ಕಲೆಯ ಹಾಗೆ ಗುಳಿ. ಅವನಿಗೆ ಅದನ್ನು ನೋಡಲಾಗಲಿಲ್ಲ. ಜೇಡಿಮಣ್ಣು ಬಿಡಿಸಿ ಗಾಜಿನ ಮೇಲಂಚಿಗೆ ಒಂದು ಚಿಪ್ಪು ಸಿಕ್ಕಿಸಿ, ಆವಿ ಹೊರಗೆ ಹೋಗಲು ದಾರಿ ಮಾಡಿದ. ಹರಳುಗಳು ನುಣುಪಾದವು. ಚೊಂಬಿನ ತಳ ಒದ್ದೆಯಾಯಿತು, ಅಷ್ಟೆ. ಕೊನೆಗೆ ಬಿದಿರಿನ ದೋಣಿ ಪೆಟ್ಟಿಗೆಯ ಅಂಚನ್ನು ತೇವ ಮಾಡುತ್ತದೆ ಎಂದು ಅದನ್ನೂ ತೆಗೆದಿಟ್ಟ. ಉಳಿದ ಹನಿಗಳು ಗಾಜಿನ ತುದಿಯಿಂದ ಹೊರಗೆ ಮರಳಿಗೆ ಬಿದ್ದು ಹೋದವು. ನೀರೆಂದರೆ ಹೋಗಬೇಕಾದದ್ದು ತಾನೇ.

ಇದನ್ನೆಲ್ಲ ಅವನು ಒಂದೇ ದಿನ ಮಾಡಲಿಲ್ಲ. ಒಂದೇ ದಿನ ಮಾಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು. ದಿನಕ್ಕೊಂದು ಬೆರಳು ಸರಿದ. ಸಂಜೆ ಸೊಸೆ ಚೊಂಬಿನತ್ತ ನೋಡಿದರೆ, ಇವತ್ತು ಬಿಸಿಲಿಗೆ ಕಸುವಿಲ್ಲ ಮಗಾ, ನಾಳೆ ನೋಡುವಾ ಎನ್ನುತ್ತಿದ್ದ. ಹೇಳುವಾಗ ಅದನ್ನು ಅವನೂ ನಂಬುತ್ತಿದ್ದ. ನಾನು ನನ್ನ ಕತೆಗಳನ್ನು ನಂಬುವ ಹಾಗೆ ಎಂದರು ಗುರುಗಳು.

ನೆರೆಯವರು ಬಂದು ನೋಡಿದರು. ಉಪ್ಪನ್ನು ನೋಡಿದರು. ಯಾರೂ ಚೊಂಬನ್ನು ನೋಡಲಿಲ್ಲ. ಗಾಜಿನವನನ್ನು ಹುಡುಕಿಸಿ ವಾಪಸು ಕರೆಸಿದರು. ಕಿಟಕಿಯಿಲ್ಲದ ಊರಿನಲ್ಲಿ ಅವನ ಗಾಜೆಲ್ಲ ಖರ್ಚಾಯಿತು. ಅವನು ಎಲ್ಲ ಮನೆಗೂ ಬಿದಿರಿನ ದೋಣಿ ಕಟ್ಟಿಕೊಟ್ಟ. ಅವನು ಬೆನ್ನು ತಿರುಗಿಸಿದ ಕೂಡಲೇ ಎಲ್ಲರೂ ಅದನ್ನು ಬಿಚ್ಚಿ ಒಲೆಗೆ ಹಾಕಿದರು. ಮನೆಮನೆಯ ಅಂಗಳದಲ್ಲೂ ಗಾಜಿನ ಪೆಟ್ಟಿಗೆ. ಮಧ್ಯಾಹ್ನ ಆ ಊರು ಗುಡ್ಡದ ಮೇಲಿಂದ ಒಂದು ಕೆರೆಯ ಹಾಗೆ ಹೊಳೆಯುತ್ತಿತ್ತು. ಗಾಳಿ ಬೀಸಿದರೆ ಕೆರೆಯಲ್ಲಿ ಅಲೆ ಎದ್ದಂತೆ ಕಾಣುತ್ತಿತ್ತು. ಹಕ್ಕಿಗಳು ಇಳಿಯಲು ಬಂದು, ಕಾಲು ಚಾಚಿ, ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಒಮ್ಮೆ ಗುಡ್ಡದಾಚೆಯ ಹೆಂಗಸರು ಕೊಡ ಹಿಡಿದು, ಸಿಹಿನೀರಿನ ಕೆರೆ ಹುಟ್ಟಿದೆಯಂತೆ ಎಂದು ಹಾಡು ಹೇಳಿಕೊಂಡು ಇಳಿದುಬಂದರು. ಊರವರು ಅವರ ಕೊಡಗಳಿಗೆ ಹಿಡಿ ಹಿಡಿ ಉಪ್ಪು ಹಾಕಿ ಮರ್ಯಾದೆಯಿಂದ ಕಳಿಸಿದರು.

ಅಷ್ಟಾದರೂ ಉಪ್ಪಿನವನ ಉಪ್ಪಿನಂಥದ್ದು ಬೇರೆ ಯಾರಿಗೂ ಬರಲಿಲ್ಲ. ಅವನು ಹಗಲೆಲ್ಲ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು. ಆದರೆ ಅದು ಎಚ್ಚರವಾಗಿರಲಿಲ್ಲ. ಹರಳಿನ ಪಕ್ಕ ಹರಳು ಮೂಡುವಾಗ ಅವನಿಗೆ ತೂಬು ಏಳುವ ಸದ್ದು ಕೇಳಿಸುತ್ತಿತ್ತು. ಕಡಲು ಅವನ ಅಪ್ಪಣೆಗೆ ಹೊರಗೆ ಕಾದು ನಿಂತಿರುತ್ತಿತ್ತು.

ಸೊಸೆ ಏನೂ ಕೇಳಲಿಲ್ಲ. ಹೊಸ ಮನೆಗೆ ಬಂದವರು ಒಂದು ಸಲ ಕೇಳುತ್ತಾರೆ, ಎರಡನೆಯ ಸಲ ನೋಡುತ್ತಾರೆ, ಮೂರನೆಯ ಸಲ ಸುಮ್ಮನಾಗುತ್ತಾರೆ. ಅವಳು ಮತ್ತೆ ಬಾವಿಯ ನೀರಿಗೆ ಬಂದಳು. ಕಾಲಿನ ಗುಂಡಿ ಮತ್ತೆ ತುಂಬದೆ ನಿಂತಿತು. ಸೂಲಗಿತ್ತಿ ಬಂದರೆ ಸೀರೆಯನ್ನು ಪಾದದ ಮೇಲೆ ಎಳೆದುಕೊಂಡು, ಚೆನ್ನಾಗಿದ್ದೇನೆ ಎನ್ನುತ್ತಿದ್ದಳು. ಮಾವನ ಮರ್ಯಾದೆ ಅವಳದೂ ಆಗಿತ್ತು.

ಒಂದು ದಿನ ಅವಳು ಪೆಟ್ಟಿಗೆಯ ಪಕ್ಕದ ಮರಳಿನಲ್ಲಿ ಒಂದು ಹಸಿರು ಎಳೆ ಕಂಡಳು. ಆ ಊರಿನ ಅಂಗಳದಲ್ಲಿ ಹುಲ್ಲು ಹುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಅವಳು ಬಗ್ಗಿ ನೋಡಿದಳು. ಮೇಲಿನಿಂದ ಒಂದು ಹನಿ ಬಂದು ಹುಲ್ಲಿನ ತಲೆಯ ಮೇಲೆ ಬಿತ್ತು. ಅವಳು ಹುಲ್ಲಿಗೆ, ಸ್ವಲ್ಪ ಸರಿಯಮ್ಮ ಎಂದು ಹೇಳಿ, ಬೊಗಸೆ ಒಡ್ಡಿ ಕೂತಳು. ಬಹಳ ಹೊತ್ತಿಗೆ ಇನ್ನೊಂದು ಹನಿ. ಅಂಗೈ ತಣ್ಣಗಾಯಿತು. ಹೀಗೆ ದಿನವೂ ಕೂರತೊಡಗಿದಳು. ಬಂದದ್ದರಲ್ಲಿ ಅರ್ಧ ಕುಡಿದು ಅರ್ಧವನ್ನು ಚೊಂಬಿನ ತಳಕ್ಕೆ ಬಿಡುತ್ತಿದ್ದಳು. ನೋವು ಬರುವ ದಿನಕ್ಕೆ ಒಂದು ಗುಟುಕಾದರೂ ಇರಲಿ ಎಂದು.

ಉಪ್ಪಿನವನು ಅವಳನ್ನು ನೋಡಿದ. ಅವನ ಮನಸ್ಸು ತುಂಬಿ ಬಂತು.

“ಎಂತ ಮಗಾ, ಉಪ್ಪಿಗೆ ಕಾಗೆ ಬಾರದ ಹಾಗೆ ಕಾಯ್ತಿದ್ಯಾ?” ಎಂದ.

“ಹೂಂ ಮಾವ,” ಎಂದಳು ಅವಳು.

ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ.

ಊರಕಟ್ಟೆಯ ದಿನ ಬಂತು. ಮಗನ ದೋಣಿ ಇನ್ನೂ ಬಂದಿರಲಿಲ್ಲ. ಬಾಳೆಲೆಗಳು ಸಾಲಾಗಿ ಕೂತವು. ಹಿರಿಯ ಒಂದೊಂದರ ಮುಂದೆಯೂ ನಿಂತು, ಹರಳು ಎತ್ತಿ, ನಾಲಿಗೆಯ ಮೇಲಿಟ್ಟು, ಆಕಾಶ ನೋಡಿ, ಮುಂದೆ ಹೋದ. ಒಬ್ಬನ ಉಪ್ಪಿಗೆ, ಬೂದಿ ಎಂದ. ಇನ್ನೊಬ್ಬನ ಉಪ್ಪಿಗೆ, ಏಡಿ ನೆನಪಾಗುತ್ತದೆ ಎಂದ. ಉಪ್ಪಿನವನ ಎಲೆಯ ಮುಂದೆ ನಿಂತ. ಹರಳನ್ನು ಬೆಳಕಿಗೆ ಹಿಡಿದು ನೋಡಿದ. ನಾಲಿಗೆಯ ಮೇಲಿಟ್ಟ. ಆಮೇಲೆ ಆ ಎಲೆಯನ್ನು ಎರಡು ಕೈಯಲ್ಲಿ ಎತ್ತಿ ತಲೆಗೆ ಮುಟ್ಟಿಸಿಕೊಂಡ.

ತೂಬು ಯಾರದು ಎಂದು ಹೇಳುವುದು ಉಳಿಯಲಿಲ್ಲ. ಜನ ಉಪ್ಪಿನವನ ಹೆಗಲು ತಟ್ಟಿದರು. ವರ್ಷವೂ ನಗುತ್ತಿದ್ದವರು ಹೆಚ್ಚು ತಟ್ಟಿದರು.

ಆ ತೂಬು ಮರದ್ದೋ ಕಲ್ಲಿನದೋ ಎಂದು ಈರಭದ್ರ ಕೇಳಿದ. ಗುರುಗಳು ಅವನನ್ನು ಒಂದು ಕ್ಷಣ ನೋಡಿ, ಮರದ್ದು ಎಂದರು. ಕತೆ ಮುಂದುವರಿಸಿದರು.

ಇನ್ನೊಂದು ಪದ್ಧತಿಯಿತ್ತು. ಊರಿನ ಉಪ್ಪನ್ನೆಲ್ಲ ರುಚಿ ನೋಡಿದವನ ನಾಲಿಗೆ ಉರಿಯುತ್ತದೆ. ಗೆದ್ದ ಮನೆಯವರು ಅವನಿಗೆ ನೀರು ಕೊಡಬೇಕು. ಉಪ್ಪಿನವನು ಎದೆಯುಬ್ಬಿಸಿ, ಕಟ್ಟೆಯ ಎದುರಿಗೇ ಇದ್ದ ತನ್ನ ಮನೆಯ ಕಡೆ ತಿರುಗಿ, ಅಜ್ಜನಿಗೆ ನೀರು ತಾ ಮಗಾ ಎಂದು ಕೂಗಿದ.

ಸೊಸೆ ಬಾಗಿಲಿಗೆ ಬಂದಳು. ಅವಳ ಮುಖ ಬೆಳಗಿನಿಂದಲೇ ಬಿಳಿಚಿತ್ತು. ಸೊಂಟದಲ್ಲಿ ನೋವು ಎದ್ದಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಬಾವಿಯ ನೀರು ಕೊಡದ ತುಂಬ ಇತ್ತು. ಆದರೆ ಉಪ್ಪಿನಿಂದ ನಾಲಿಗೆ ಉರಿಯುವವರಿಗೆ ಉಪ್ಪುನೀರು ಕೊಡಲು ಅವಳಿಗೆ ಬರುತ್ತಿರಲಿಲ್ಲ. ಘಟ್ಟದ ಮೇಲಿನವರಿಗೆ ಅದು ಬರುವುದಿಲ್ಲ. ಅವಳು ಒಳಗೆ ಹೋಗಿ ತನ್ನ ಚೊಂಬು ತಂದಳು. ಮೆಲ್ಲಗೆ ಹೆಜ್ಜೆಯಿಟ್ಟು ಬಂದು ಹಿರಿಯನ ಕೈಗೆ ಕೊಟ್ಟಳು.

ಹಿರಿಯ ಎತ್ತಿ ಕುಡಿದ. ಒಂದೇ ಗುಟುಕು ಇತ್ತು. ಅವನು ಚೊಂಬಿನೊಳಕ್ಕೆ ನೋಡಿದ. ಮಗು ಇನ್ನೂ ಬೇಕೆಂದು ನೋಡುವ ಹಾಗೆ ನೋಡಿದ.

“ಇಂಥ ನೀರು ನಮ್ಮೂರಲ್ಲಿ ಎಲ್ಲಿಂದ ಬಂತು ಮಗಾ?” ಎಂದು ಕೇಳಿದ.

“ನಮ್ಮ ಮಾವ ಚೆಲ್ಲಿದ್ದು ಅಜ್ಜಾ,” ಎಂದಳು ಸೊಸೆ.

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು. ಕೋಪವಿದ್ದಿದ್ದರೆ ಉಪ್ಪಿನವನು ಎದುರು ಮಾತಾಡಬಹುದಿತ್ತು. ಅವನು ಅವಳನ್ನು ನೋಡಿದ. ಎಷ್ಟೋ ದಿನದ ಮೇಲೆ ನೋಡಿದ. ಅವಳ ಕಣ್ಣುಗಳು ಊದಿದ ಮುಖದಲ್ಲಿ ಹುದುಗಿಹೋಗಿದ್ದವು. ಕಾಲ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಅವಳು ಕಟ್ಟೆಯ ಕಂಬ ಹಿಡಿದಳು. ಹಿಡಿದ ಕೈ ಮೆಲ್ಲಗೆ ಕೆಳಗೆ ಜಾರಿತು. ಅದರ ಜೊತೆ ಅವಳೂ ಕೂತುಬಿಟ್ಟಳು.

ಸೂಲಗಿತ್ತಿ ಜನರನ್ನು ತಳ್ಳಿಕೊಂಡು ಬಂದಳು. ಹೆಂಗಸರು ಸೊಸೆಯನ್ನು ಎತ್ತಿ ಒಳಗೆ ಒಯ್ದರು. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಸೂಲಗಿತ್ತಿ, ನೀರು ಬೇಕು, ಒಳ್ಳೆಯ ನೀರು ಬೇಕು ಎಂದು ಕೂಗಿದಳು. ಊರೆಲ್ಲ ತಮ್ಮ ತಮ್ಮ ಅಂಗಳದ ಪೆಟ್ಟಿಗೆಗಳ ಕಡೆ ಓಡಿತು. ಎಲ್ಲ ಪೆಟ್ಟಿಗೆಗಳಲ್ಲೂ ಮಲ್ಲಿಗೆಯಂಥ ಉಪ್ಪಿತ್ತು.

ಉಪ್ಪಿನವನು ತನ್ನ ಪೆಟ್ಟಿಗೆಯ ಚಿಪ್ಪನ್ನು ಕಿತ್ತೆಸೆದ. ತಟ್ಟೆಯ ತುಂಬ ನೀರು ಸುರಿದ. ಗಾಜು ಕೂರಿಸಿ, ಕೈಯಲ್ಲೇ ಜೇಡಿಮಣ್ಣು ಮೆತ್ತಿದ. ಬಿದಿರನ್ನು ಹುಡುಕಿ ತಂದು ಕಟ್ಟಿದ. ಹೊತ್ತು ಕಡಲಿನ ಕಡೆ ವಾಲಿತ್ತು. ಅವನು ಜೀವಮಾನದಲ್ಲಿ ಮೊದಲ ಸಲ ಸೂರ್ಯನಿಗೆ, ಕುಡಿಯಬೇಡಪ್ಪಾ, ಇಳಿಸು ಎಂದು ಹೇಳಿದ. ಗಾಜಿಗೆ ಮೆಲ್ಲಗೆ ಮಬ್ಬು ಕವಿಯಿತು. ಮಬ್ಬಿನಲ್ಲಿ ಒಂದು ಹನಿ ಮೂಡಿತು. ಅದು ಇನ್ನೊಂದು ಹನಿಯನ್ನು ಮುಟ್ಟುವ ತನಕ ಹೊರಡಲಿಲ್ಲ. ಯಾರು ಅವಸರ ಮಾಡಿದರೂ ಅದು ಹೊರಡುವುದಿಲ್ಲ. ಅವನು ಬಿದಿರಿನ ಬಾಯಿಗೆ ಎರಡೂ ಕೈ ಒಡ್ಡಿ ಕೂತ. ಬೆನ್ನ ಹಿಂದೆ ಬಾಗಿಲು ಮುಚ್ಚಿಯೇ ಇತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮತ್ತೆ ಅಂಗಾತ ಮಲಗಿದರು. ಈ ಸಲ ಎರಡು ಕಣ್ಣೂ ತೆರೆದಿದ್ದವು. ಹುಣಸೆಯ ಎಲೆಗಳ ನಡುವಿನ ಬಿಸಿಲು ಅವರ ಮುಖದ ಮೇಲೆ ಅತ್ತಿಂದಿತ್ತ ಆಡುತ್ತಿತ್ತು.

ಈರಭದ್ರ ಬೆರಳು ಮಡಿಸಿದ, ಬಿಡಿಸಿದ. ಅವನ ಮುಖದಲ್ಲಿ ನಿಧಾನವಾಗಿ ತೃಪ್ತಿ ಮೂಡಿತು.

“ತಿಳಿಯಿತು ಗುರುಗಳೇ. ಉಪ್ಪು ಎಂದರೆ ಸಂಸಾರ. ನೀರು ಎಂದರೆ ಜ್ಞಾನ. ಮಸಿ ಹಚ್ಚಿದ ತಟ್ಟೆ ನಮ್ಮ ದೇಹ. ಗಾಜು ಮಾತ್ರ ಗುರುವೋ ಮಾಯೆಯೋ, ಅದೊಂದು ಗೊತ್ತಾಗಲಿಲ್ಲ. ಅದನ್ನು ಹೇಳಿಬಿಟ್ಟರೆ ಈ ಕತೆಯ ಸಾರ ಪೂರ್ತಿಯಾಗುತ್ತದೆ,” ಎಂದ.

ಗುರುಗಳು ಅವನ ಕಡೆ ತಿರುಗಿದರು.

“ಬಾಗಿಲ ಒಳಗೆ ಆ ಹುಡುಗಿ ಬದುಕಿದಳೇ ಎಂದು ನೀನು ಇನ್ನೂ ಕೇಳಲಿಲ್ಲವಲ್ಲ, ಈರಭದ್ರ.”